ನಮ್ಮನೆ ಬೆಕ್ಕಿನ ನೇಟಿವ್ ಯಾವೂರು?

ಮನೆದೇವರಾಣೆ, ಊಟದ ತಟ್ಟೆ ಮುಟ್ಟಿ ಹೇಳ್ತೀನಿ, ಇಲ್ಲಿ ಬರೆದಿರೋದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇಂಥವು ಜಗತ್ತಿನಲ್ಲಿ ಯಾರಿಗೂ ಆಗಲ್ಲ, ನನಗೆ ಮಾತ್ರ ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಏನು ಮಾಡೋದು, ದೊಡ್ಡ ಮನುಷ್ಯರ ಹಣೆಬರಹವೇ ಹಂಗೆ. ಕೆಜಿಎಫ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವನು ನಾನು. ಆದರೆ ಬೆಕ್ಕಿನ ವಿಷಯಕ್ಕೆ ಬಂದರೆ ಬಂಗಾರಪೇಟೆಯಿಂದ ಆಂಧ್ರದ ಗಡಿವರೆಗೆ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ. ಇದ್ದರೂ ಅವನು ನನ್ನ ಹತ್ತಿರವೇ ಕಲಿತಿರಬೇಕು.

ಮುಳಬಾಗಿಲು ದಾಟಿ

ನಮ್ಮ ಕೆಜಿಎಫ್‌ನಲ್ಲಿ ಪರಿಚಯವಿಲ್ಲದವರು ಸಿಕ್ಕರೆ ಮೊದಲು ಹೆಸರು ಕೇಳಲ್ಲ, ‘ನೇಟಿವ್ ಯಾವೂರು?’ ಅಂತಾರೆ. ತಾತನ ಕಾಲದಲ್ಲಿ ಗಣಿ ಕೆಲಸಕ್ಕೆ ಬಂದ ಮನೆತನ, ಇವರು ಹುಟ್ಟಿದ್ದು ಇಲ್ಲೇ, ಓದಿದ್ದು ಇಲ್ಲೇ, ಹಲ್ಲು ಉದುರಿದ್ದೂ ಇಲ್ಲೇ. ಆದರೂ ಕೇಳಿದರೆ ಒಬ್ಬರು ಚಿತ್ತೂರು ಅಂತಾರೆ, ಇನ್ನೊಬ್ಬರು ಆರ್ಕಾಟು ಅಂತಾರೆ. ಕೆಜಿಎಫ್ ಅನ್ನೋರು ಯಾರೂ ಇಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ನಮ್ಮ ಅಡುಗೆಮನೆ ಕಿಟಕಿಯಲ್ಲಿ ಒಂದು ಗಂಡು ಬೆಕ್ಕು ಬಂದು ಕೂತಿತು. ಎಡಗಡೆ ಪೂರ್ತಿ ಕಪ್ಪು, ಬಲಗಡೆ ಪೂರ್ತಿ ಬಿಳಿ. ಬಾಲ ನೋಡಿದರೆ ಬಾಟಲಿ ತೊಳೆಯೋ ಬ್ರಷ್ಷು. ನಾನು ಅದಕ್ಕೆ ಹಾಲು ಹಾಕಿ, ಗಣಿಯಲ್ಲಿ ಒಂಟಿಯಾಗಿ ಬಂಡೆ ಎತ್ತಿ ನಿಲ್ಲಿಸಿದ ಕಥೆ ಹೇಳಿದೆ. ನಾನು ಗಣಿಗೆ ಇಳಿದವನೇ ಅಲ್ಲ ಅನ್ನೋದು ಬೇರೆ ಮಾತು. ಬೆಕ್ಕು ಕೊನೆವರೆಗೂ ಎದ್ದುಹೋಗದೆ ಕೇಳಿತು. ರಿಟೈರ್ ಆದಮೇಲೆ ನನ್ನ ಕಥೆಯನ್ನು ಪೂರ್ತಿ ಕೇಳಿದ ಜೀವ ಅದೊಂದೇ. ಇದನ್ನ ಬಿಡಬಾರದು ಅಂತ ಆವಾಗಲೇ ತೀರ್ಮಾನ ಮಾಡಿಬಿಟ್ಟೆ.

ನನ್ನ ಹೆಂಡತಿ ಬೂದಿಕೋಟೆ ಕಡೆಯವಳು. ಪೊರಕೆ ಹಿಡಿದೇ ಬಂದಳು. “ಬೀದಿ ಬೆಕ್ಕು ಒಳಕ್ಕೆ ಬಂದ್ರೆ ನೀವೂ ಆಚೆಗೇ ಓಗಿ.”

“ಬೀದಿದಲ್ಲ ಕಣೇ, ಜಾತಿ ಬೆಕ್ಕು.”

“ಜಾತಿ ಬೆಕ್ಕಾ? ನೇಟಿವ್ ಯಾವೂರು?”

ನನ್ನ ಬಾಯಿಗೆ ಬಂದದ್ದು ‘ಪರ್ಷಿಯಾ’.

“ಅದೆಲ್ಲೈತೆ?”

“ಮುಳಬಾಗಿಲು ದಾಟಿ ಹೋಗ್ಬೇಕು.”

“ಅಂಗಾದ್ರೆ ಆಂಧ್ರದ್ದು ಅನ್ನಿ!” ಅಂದವಳೇ ಪೊರಕೆ ಇಳಿಸಿ, ತೀರ್ಪು ಕೊಟ್ಟಳು. “ಭಾನುವಾರ ನಮ್ಮಣ್ಣ ಬತ್ತಾನೆ. ಅವನು ನೋಡಿ ಒಪ್ಪಿದ್ರೆ ಇರ್ಲಿ. ಇಲ್ಲಾಂದ್ರೆ ಚೀಲಕ್ಕೆ ಆಕಿ ಅವನ ಗಾಡೀಲೇ ಕಳಿಸ್ಬಿಡ್ತೀನಿ.”

ಅಲ್ಲಿವರೆಗೆ ನೆಂಟ ನೆಂಟನೇ ಅಂತ, ಮಧ್ಯಾಹ್ನ ಬೆಕ್ಕಿಗೆ ಅನ್ನದ ಮೇಲೆ ಆಂಧ್ರದ ಗೋಂಗೂರ ಉಪ್ಪಿನಕಾಯಿ ಬಡಿಸಿದಳು. ಬೆಕ್ಕು ಒಂದು ಸಲ ನೆಕ್ಕಿತು. ಸೀನಿತು. ಕಣ್ಣಲ್ಲಿ ನೀರು ದಳದಳ ಸುರಿಯಿತು.

“ಪಾಪ,” ಅಂದಳು ನನ್ನ ಹೆಂಡತಿ, “ಊರು ಗ್ಯಾಪಕ ಬಂದೈತೆ.”

ಫೋನು ಹೇಳಿದ ಸತ್ಯ

ಭಾನುವಾರದೊಳಗೆ ಬೆಕ್ಕಿನ ಜಾತಿ ಸಾಬೀತಾಗಬೇಕಲ್ಲ, ಎದುರುಮನೆ ಮೇಡಂ ಹತ್ತಿರ ಹೋದೆ. ಧಾರವಾಡದ ಕಡೆಯವರು, ಗಂಡನಿಗೆ ಇಲ್ಲಿ ಫ್ಯಾಕ್ಟರಿ ಕೆಲಸ. ಯಾವ ಪ್ರಾಣಿಯ ಫೋಟೋ ತೆಗೆದರೂ ಅದರ ಜಾತಿ ಹೇಳೋ ವಿದ್ಯೆ ಅವರ ಫೋನಿನಲ್ಲಿದೆ.

ಕಪ್ಪು ಕಡೆಯಿಂದ ಫೋಟೋ ತೆಗೆದರು. “ಬಾಂಬೆ ಬೆಕ್ಕು ಅಂತ ತೋರಸಾಕತ್ತದ ನೋಡ್ರಿ ಅಂಕಲ್.”

“ಆಹಾ! ಬಾಂಬೆಯಿಂದ ಬಂತಾ?”

“ಇಲ್ರೀ. ಬಾಂಬೆ ಬೆಕ್ಕು ಹುಟ್ಟಿದ್ದು ಅಮೆರಿಕಾದಾಗಂತ. ಬಾಂಬೆ ನೋಡೇ ಇಲ್ಲ ಅದು.”

ಬೆಕ್ಕನ್ನು ತಿರುಗಿಸಿ ಬಿಳಿ ಕಡೆಯಿಂದ ತೆಗೆದರು. “ಪರ್ಷಿಯನ್ ಅನ್ನಾಕತ್ತದ.”

“ನಾನು ಹೇಳಲಿಲ್ವಾ!” ಅಂತ ಎದೆ ಉಬ್ಬಿಸಿದೆ.

“ಆದ್ರ ಪರ್ಷಿಯಾ ಅನ್ನೋ ಹೆಸರಿನ ದೇಶಾನ ಈಗ ಇಲ್ರೀ. ಇರಾನ್ ಅಂತಾರ.”

ಬಿಸಿಲಿಗೆ ಒಯ್ದು ಮುಖದ ಫೋಟೋ ತೆಗೆದರೆ ‘ಹಿಮಾಲಯನ್’ ಅಂತು. ಅದೂ ಹಿಮಾಲಯದ ಕಡೆ ತಲೆ ಹಾಕಿದ್ದಲ್ಲವಂತೆ, ಪರ್ಷಿಯನ್ನಿಗೂ ಸಯಾಮೀಸಿಗೂ ದೂರದೇಶದಲ್ಲೆಲ್ಲೋ ಮದುವೆ ಮಾಡಿಸಿ ಹುಟ್ಟಿಸಿದ್ದಂತೆ. ಕೊನೆಗೆ ಹಿಂದಿನಿಂದ ಒಂದು ಫೋಟೋ ತೆಗೆದರು. ಫೋನು ‘ಬಾಟಲಿ ಬ್ರಷ್’ ಅಂತ ಪ್ರಾಮಾಣಿಕವಾಗಿ ಒಪ್ಪಿಕೊಂಡಿತು.

ಅಷ್ಟರಲ್ಲಿ ಬೆಕ್ಕು ನನ್ನ ತೋಳಿಂದ ಜಿಗಿಯಿತು. ಮೇಡಂ ಬೆರಳು ಒತ್ತಿಬಿಟ್ಟಿದ್ದರು, ಫೋಟೋದಲ್ಲಿ ಬಿದ್ದದ್ದು ನನ್ನ ಮುಖ ಮಾತ್ರ. ಗುಂಡು ಕೆನ್ನೆ, ಬೂದು ಮೀಸೆ, ಮೊನ್ನೆ ತಾನೇ ಹೊಡೆಸಿದ ಕಟಿಂಗು. ಫೋನು ಒಂದು ಕ್ಷಣವೂ ಅನುಮಾನಿಸದೆ ಬೆಕ್ಕಿನ ಇನ್ನೊಂದು ಜಾತಿ ಹೇಳಿತು. ‘ಬ್ರಿಟಿಷ್ ಶಾರ್ಟ್‌ಹೇರ್’ ಅಂತು.

ಅವತ್ತಿಂದ ಮೇಡಂ ನನಗೆ ಗುಡ್ ಮಾರ್ನಿಂಗ್ ಅನ್ನೋದರ ಶೈಲಿಯೇ ಬೇರೆ.

ಬೋಗಿಯ ತೀರ್ಮಾನ

ಫೋನು ಕೈಕೊಟ್ಟಿತು ಅಂತ, ಬೆಕ್ಕನ್ನು ವೈರ್ ಬ್ಯಾಗಿನಲ್ಲಿ ಕೂರಿಸಿಕೊಂಡು ಬಂಗಾರಪೇಟೆ ರೈಲು ಹತ್ತಿದೆ. ಅಲ್ಲಿ ಪ್ರಾಣಿಗಳ ವಿಷಯ ಬಲ್ಲ ಸ್ನೇಹಿತನೊಬ್ಬನಿದ್ದಾನೆ.

ರೈಲು ಹೊರಡುತ್ತಲೇ ಎದುರಿಗಿದ್ದ ತಮಿಳು ಅಜ್ಜಿ ಬ್ಯಾಗಿಗೆ ಬಗ್ಗಿ ನೋಡಿ, “ಇದು ನಮ್ಮ ಆಂಬೂರ್ ಪೂನೈಪ್ಪಾ, ಮೂಂಜಿ ನೋಡಿದ್ರೇ ಗೊತ್ತಾಗಲ್ವಾ?” ಅಂದರು. ಪಕ್ಕದಲ್ಲಿದ್ದ ತೆಲುಗು ಯಜಮಾನರಿಗೆ ರೇಗಿತು. “ಕಾದಮ್ಮಾ, ಇದಿ ಮಾ ಕುಪ್ಪಂ ಪಿಲ್ಲಿ!”

ಜಗಳ ಬಗೆಹರಿಯಲಿಲ್ಲ. ಪರೀಕ್ಷೆ ಮಾಡೋದು ಅಂತಾಯಿತು. ಯಾರ ಭಾಷೆಗೆ ಬರುತ್ತೋ ಅವರ ಊರಿನದು. ಅಜ್ಜಿ “ವಾಡಾ ಕಣ್ಣಾ” ಅಂದರು. ಯಜಮಾನರು “ರಾರಾ ನಾಯನಾ” ಅಂದರು. ನಾನೂ ಬಿಡಲಿಲ್ಲ, “ಬಾರೋ ನನ್ ರಾಜ” ಅಂದೆ. ಬೆಕ್ಕು ಮೂವರನ್ನೂ ನೋಡಿ ಆಕಳಿಸಿತು.

ಆಗ ಬಾಗಿಲ ಹತ್ತಿರ ಕೂತಿದ್ದ ಟೈಲ್ಸ್ ಹಾಕೋ ಮೇಸ್ತ್ರಿ ಊಟದ ಡಬ್ಬಿ ಬಿಚ್ಚಿದ. ಮೀನಿನ ಪಲ್ಯ. ಬೆಕ್ಕು ಹಾರಿದ್ದೇ ಅವನ ತೊಡೆ ಮೇಲೆ ಹೋಗಿ ಕೂತಿತು. ಇಡೀ ಬೋಗಿ ಒಟ್ಟಿಗೆ ಕೇಳಿತು, “ನೇಟಿವ್ ಯಾವೂರಪ್ಪಾ?”

“ಪಟ್ನಾ,” ಅಂದ ಅವನು, ಹೆದರಿಕೊಂಡು.

ಅಜ್ಜಿ ನನ್ನ ಕಡೆ ತಿರುಗಿ ಕೈ ಮುಗಿದರು. “ಅಷ್ಟು ದೂರದಿಂದ ಬಂದೈತೆ, ಚೆನ್ನಾಗಿ ನೋಡ್ಕೊಳ್ಳಪ್ಪಾ.”

ಕ್ರಾಸ್ ತಳಿ

ನನ್ನ ಸ್ನೇಹಿತ ಹಳ್ಳಿ ಹಳ್ಳಿ ತಿರುಗಿ ಹಸುಗಳಿಗೆ ಸೂಜಿ ಹಾಕುವವನು. ಬೆಳಗ್ಗೆ ಕ್ಯಾಸಂಬಳ್ಳಿ ಸುತ್ತು ಮುಗಿಸಿಕೊಂಡು ಬಂದು, ಬಂಗಾರಪೇಟೆ ಸ್ಟೇಷನ್ ಎದುರು ಟೀ ಕುಡೀತಿದ್ದ. ಬ್ಯಾಗಿನ ಬಾಯಿ ತೆಗೆದು ತೋರಿಸಿದೆ. ಕಪ್ಪು ಬಿಳುಪು ಬಣ್ಣ ನೋಡಿದವನೇ, ಟೀ ಲೋಟ ಕೆಳಗಿಡದೆ ಹೇಳಿದ.

“ಎಚ್ಚೆಫ್ ಕ್ರಾಸು. ನೇಟಿವ್ ಹಾಲೆಂಡು.”

ನಮ್ಮ ಸೀಮೆಯಲ್ಲಿ ನಾಲ್ಕು ಕಾಲಿನವು ಮೂರೇ ಜಾತಿ. ಎಚ್ಚೆಫ್, ಜರ್ಸಿ, ನಾಟಿ. ನಾಯಿಯಾಗಲಿ ಬೆಕ್ಕಾಗಲಿ ಆ ಹಸುವಿನ ಲೆಕ್ಕದಲ್ಲೇ ಬರಬೇಕು. ನನಗಂತೂ ಹಾಲೆಂಡು ಕೇಳಿಯೇ ಖುಷಿಯಾಯಿತು.

“ಎಷ್ಟನೇ ಸೂಲು?” ಅಂದ.

“ಲೋ, ಗಂಡು ಕಣ್ಲಾ.”

ಅವನು ನನ್ನನ್ನು ಕರುಣೆಯಿಂದ ನೋಡಿದ. “ಗಂಡಾ? ಕೆಲಸಕ್ಕಿಲ್ಲ, ಹಾಲಿಗಿಲ್ಲ, ದಿನಾ ತಿಂದ್ಕೊಂಡು ಬಿದ್ದಿರುತ್ತೆ. ಯಾಕ್ಲಾ ಮನೇಲಿಟ್ಕೊಂಡಿದೀಯ?”

ನಾನು ರಿಟೈರ್ ಆದ ದಿನದಿಂದ ನನ್ನ ಹೆಂಡತಿಯನ್ನು ಅವಳ ತಂಗಿಯರು ಕೇಳ್ತಿರೋ ಪ್ರಶ್ನೆಯೂ ಇದೇ.

ಸುಳಿ

ಭಾನುವಾರ ಬಂದೇಬಿಟ್ಟಿತು. ಬೂದಿಕೋಟೆಯಿಂದ ನನ್ನ ಹೆಂಡತಿಯ ಅಣ್ಣ ಗಾಡಿ ಮೇಲೆ ಬಂದಿಳಿದ. ಸುತ್ತಮುತ್ತ ಯಾರೇ ದನ ಕೊಳ್ಳಬೇಕಾದರೂ ಅವನನ್ನೇ ಕರಕೊಂಡು ಹೋಗೋದು. ಹೆಂಡತಿ ಬಾಗಿಲಲ್ಲಿ ಖಾಲಿ ಚೀಲ ಹಿಡಿದುಕೊಂಡೇ ನಿಂತಿದ್ದಳು. ಎದುರುಮನೆ ಮೇಡಂ ಕೂಡ ಬಂದಿದ್ದರು.

ನಾನು ಬೆಕ್ಕನ್ನು ಬಟ್ಟೆ ಒಗೆಯೋ ಕಲ್ಲಿನ ಮೇಲೆ ನಿಲ್ಲಿಸಿ ವಕೀಲನ ಹಾಗೆ ವಾದ ಶುರು ಮಾಡಿದೆ. “ನೋಡಪ್ಪ, ಎಡಗಡೆ ಅಮೆರಿಕಾ, ಬಲಗಡೆ ಇರಾನು, ತಾಯಿ ಕಡೆ ಹಾಲೆಂಡು...”

“ಬಾವ, ಸುಮ್ಕಿರಿ,” ಅಂದ ಭಾವಮೈದ.

ಟವೆಲ್ ತಲೆಗೆ ಸುತ್ತಿದ. ಬೆಕ್ಕಿನ ಸುತ್ತ ಒಂದು ಸುತ್ತು ಬಂದ. ಬೆನ್ನು ಚಪ್ಪರಿಸಿದ. ಬಾಲ ಎಳೆದು ಉದ್ದ ನೋಡಿದ. ಹಲ್ಲು ನೋಡೋಕೆ ಬಾಯಿ ಬಿಡಿಸಿದ, ಬೆಕ್ಕು ಅವನ ಬೆರಳು ಕಚ್ಚಿತು. “ಹಲ್ಲು ಗಟ್ಟಿಯಾಗೈತೆ,” ಅಂತ ರಕ್ತ ಒರೆಸಿಕೊಂಡ. ಆಮೇಲೆ ಕೂದಲು ಸರಿಸಿ ಸುಳಿ ಹುಡುಕತೊಡಗಿದ. ಎತ್ತು ಕೊಳ್ಳೋರು ಸುಳಿ ನೋಡದೆ ಹಗ್ಗ ಹಿಡಿಯಲ್ಲ. ನೋಡ್ತಾ ನೋಡ್ತಾ ಬೆನ್ನ ಮಧ್ಯದಲ್ಲಿ ಅವನ ಬೆರಳು ನಿಂತಿತು. ಮುಖ ಕಪ್ಪಾಯಿತು.

“ಏನಣ್ಣಾ?” ಅಂದಳು ಹೆಂಡತಿ.

“ಬೀದಿದೋ ಬಂಗ್ಲೇದೋ, ಆ ಮಾತು ಬಿಡಮ್ಮ. ಕೆಟ್ಟ ಸುಳಿ ಐತೆ. ಇದು ಇರೋ ಮನೇಲಿ ಯಜಮಾನ್ರಿಗೆ ಆಗ್ಬರಲ್ಲ.”

ನಾನು ಹೆದರಿಬಿಟ್ಟೆ. ಸುಳಿಗಲ್ಲ, ಚೀಲಕ್ಕೆ. ಮುಗೀತು, ನನ್ನ ಕಥೆ ಕೇಳೋ ಒಂದೇ ಒಂದು ಜೀವವೂ ಹೋಯಿತು ಅಂದುಕೊಂಡೆ. ಮೇಡಂ ಫೋನು ತಡಕಿ, “ಸುಳಿ ಬಗ್ಗೆ ಇದರಾಗ ಏನೂ ಬರವಲ್ದರಿ,” ಅಂತ ಕೈಚೆಲ್ಲಿದರು.

ನನ್ನ ಹೆಂಡತಿ ಚೀಲದ ಬಾಯಿ ಅಗಲಿಸಿದವಳು ಹಾಗೇ ನಿಂತಳು.

“ಯಜಮಾನ್ರಿಗೆ ಮಾತ್ರಾನಾ?”

“ಊಂ. ಯಜಮಾನ್ರಿಗೆ ಮಾತ್ರ.”

“ನಂಗೆ?”

“ನಿಂಗೇನಮ್ಮ, ಎಂಗಸ್ರಿಗೆ ಒಳ್ಳೇದೇ. ಮನೆ ತುಂಬ್ತದೆ.”

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಬೆಕ್ಕಿನ ಕಡೆ ನೋಡಿದಳು. ಒಂದು ಗಳಿಗೆ ಯೋಚನೆ ಮಾಡಿದಳು. ಆಮೇಲೆ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, “ಇರ್ಲಿ ಬಿಡಣ್ಣಾ, ಪಾಪ, ಮೂಕಪ್ರಾಣಿ,” ಅಂದಳು.

ಬೆಕ್ಕು ಈಗಲೂ ನಮ್ಮನೆಯಲ್ಲೇ ಇದೆ, ಇದನ್ನು ಬರೆಯುವಾಗ ನನ್ನ ತೊಡೆ ಮೇಲೇ ಮಲಗಿದೆ. ಮೊದಲೇ ಆಣೆ ಇಟ್ಟಿದ್ದೇನೆ, ಇದೆಲ್ಲ ಅಪ್ಪಟ ನಿಜ. ಒಂದೇ ಒಂದು ಸಣ್ಣ ವಿಷಯ ಮಾತ್ರ ಮರ್ಯಾದೆಗಂಜಿ ನಾನೇ ಸೇರಿಸಿದ್ದು. ನನ್ನ ಹೆಂಡತಿ ಒಂದು ಗಳಿಗೆ ಯೋಚನೆ ಮಾಡಿದಳು ಅಂದೆನಲ್ಲ, ಅವಳು ಯೋಚನೆ ಮಾಡಲೇ ಇಲ್ಲ.