ಹಸಿರಣ್ಣ ಎಲ್ಲಿ?

ಮಗಳ ಮಂಚದ ಕೆಳಗೆ ಸಿಕ್ಕ ಡಬ್ಬಿಯನ್ನು ಕುದಿಯುವ ನೀರಿನಲ್ಲಿ ಮತ್ತೆ ಮತ್ತೆ ತೊಳೆದೆ. ಆದರೂ ಅದರೊಳಗಿದ್ದ ಹಸಿರು ಬ್ರೆಡ್ಡು ಕಣ್ಣ ಮುಂದಿನಿಂದ ಕದಲಲಿಲ್ಲ. ಮಗು ಅದನ್ನು ತಿಂದಿದ್ದರೆ? ಬೇಕರಿ ಮುಚ್ಚಿ ಬಂದ ಯಜಮಾನರಿಗೆ ಚಪ್ಪಲಿ ಬಿಡಲೂ ಪುರಸೊತ್ತು ಕೊಡಲಿಲ್ಲ ನಾನು.

ನಾನು: ಮಗೂ ನಾಲಿಗೆ ನೋಡ್ದೆ, ಹಸಿರೇನಿಲ್ಲ. ಆದ್ರೂ ಡಾಕ್ಟರ ಹತ್ರ ಹೋಗೋಣ ರೀ.

ಅವರು: ಹೋಗಿ ಏನು ತೋರಿಸ್ತೀಯ? ತೊಳೆದ ಡಬ್ಬೀನಾ?

ನಾನು: ತಮಾಷೆ ಬೇಡ. ಬೂಷ್ಟು ಅಂದ್ರೆ ಶಿಲೀಂಧ್ರ!

ಅವರು: ನಾನು ದಿನಾ ಹಿಟ್ಟಿಗೆ ಹಾಕೋ ಯೀಸ್ಟೂ ಶಿಲೀಂಧ್ರಾನೇ ಕಣೇ. ಅದು ಉಬ್ಬಿಸದಿದ್ರೆ ನಮ್ಮ ಬ್ರೆಡ್ಡು ಬರೀ ಹಲಗೆ.

ನಾನು: ಅಯ್ಯೋ, ಆ ಕೈಯಲ್ಲೇ ಮಗೂನ ಎತ್ಕೊಳ್ತೀರಾ?

ಅವರು: ನಿನ್ನ ಗಂಟಲು ಬಾವು ಇಳಿಸಿದ ಪೆನಿಸಿಲಿನ್ನೂ ಬೂಷ್ಟಿಂದಾನೇ ಬಂದಿದ್ದು. ಆ ಗಂಟಲಲ್ಲೇ ಈಗ ಅದನ್ನ ಬೈತಿದೀಯ!

ಅಷ್ಟರಲ್ಲಿ ಮಗಳು ಓಡಿಬಂದಳು.

ಮಗಳು: ಅಮ್ಮಾ, ನನ್ನ ಹಸಿರಣ್ಣ ಎಲ್ಲಿ?

ನಾನು: ಯಾವ ಅಣ್ಣ?

ಮಗಳು: ಡಬ್ಬೀಲಿದ್ದ ಬೂಷ್ಟು! ನಾಳೆ ಶಾಲೇಲಿ ತೋರಿಸ್ಬೇಕು. ಎಲ್ಲರೂ ಬೆಳೆಸಿದಾರೆ, ನಂದೇ ದಪ್ಪ. ನಿಂಗೆ ಸಿಗ್ಬಾರ್ದು ಅಂತ್ಲೇ ಬಚ್ಚಿಟ್ಟಿದ್ದೆ.

ನಾನು: ಅದು ಕೊಳಕು ಕಂದಾ...

ಮಗಳು: ಅಲ್ಲ! ಕಾಡಲ್ಲಿ ಬಿದ್ದ ಎಲೆ, ಕಟ್ಟಿಗೆ ಎಲ್ಲಾ ತಿಂದು ಮಣ್ಣು ಮಾಡೋದು ಇಂಥವೇ ಅಂತೆ. ನಿನ್ನ ಹಾಗೇ ಅವೂ ಕ್ಲೀನ್ ಮಾಡ್ತಾವೆ!

ಫಳಫಳ ಹೊಳೆಯುತ್ತಿದ್ದ ಡಬ್ಬಿ ಅವಳ ಕಣ್ಣಿಗೆ ಬಿತ್ತು. ತುಟಿ ಅದುರಿತು.

ನಾನು: ರೀ, ಇದು ಒಂದು ರಾತ್ರೀಲಿ ಬೆಳೆಯಲ್ಲ ಅಲ್ವಾ? ನಿಮ್ಮ ಬೇಕರೀಲಿ ಬೂಷ್ಟು ಹಿಡಿದಿರೋ ಬ್ರೆಡ್ಡು...

ಅವರು: ನನ್ನ ಬೇಕರೀಲಾ? ಮೆಲ್ಲಗೆ ಹೇಳೇ, ಗಿರಾಕಿಗಳು ಕೇಳಿಸ್ಕೊಂಡಾರು! ನಮ್ಮಮ್ಮನ್ನ ಕೇಳು, ಅವಳ ಫ್ರಿಜ್ಜಲ್ಲಿ ಸಿಕ್ಕೇ ಸಿಗುತ್ತೆ.

ಅತ್ತೆಯವರ ಫ್ರಿಜ್ಜು! ಹೋದ ತಿಂಗಳು ಅದರೊಳಗಿನ ಬೂಷ್ಟು ಹಿಡಿದ ನಿಂಬೆಹೋಳು ಕಂಡು ಅವರಿಗೆ ಆರೋಗ್ಯದ ಮೇಲೆ ಭಾಷಣ ಬಿಗಿದು ಬಂದಿದ್ದೆ. ಅವತ್ತಿಂದ ಮಾತುಕತೆ ಬಂದ್. ಆದರೆ ಮಗಳ ಮುಖ ನೋಡಲಾಗಲಿಲ್ಲ. ಫೋನ್ ಮಾಡಿದೆ.

ನಾನು: ಅತ್ತೆ... ಊಟ ಆಯ್ತಾ? ಅದೇ... ಆ ನಿಂಬೆಹೋಳು ಇನ್ನೂ ಇದೆಯಾ?

ಅತ್ತೆ: ಇಲ್ಲಮ್ಮಾ ತಾಯಿ! ನೀನು ಅಷ್ಟು ಹೇಳಿದ್ಮೇಲೆ ಎಲ್ಲಾ ಎಸೆದು ಫ್ರಿಜ್ಜು ತಿಕ್ಕಿ ತೊಳೆದೆ. ಒಂದು ಮಾತ್ರ ಇಟ್ಕೊಂಡಿದೀನಿ. ಬೈಯಲ್ಲ ತಾನೇ?

ನಾನು: ಖಂಡಿತಾ ಇಲ್ಲ. ಏನದು?

ಅತ್ತೆ: ಅವತ್ತು ನಿನ್ನ ಕೈಯಾರೆ ಮಾಡಿ ತಂದಿದ್ದೆಯಲ್ಲ, ಕೇಕು. ಸೊಸೆ ತಂದದ್ದು ಅಂತ ಎಸೆಯೋಕೆ ಮನಸ್ಸು ಬರ್ಲಿಲ್ಲ. ಈಗ ಅದಕ್ಕೆ ಒಳ್ಳೇ ಹಸಿರು ಗಡ್ಡ ಬಂದಿದೆ!