ಬಂದರಿನಲ್ಲಿ ವಿದ್ಯುತ್ ಮಿತಿ ಮೀರಿದೆ

ಇನ್‌ಶಿರಾಹ್: ರೀ, ಅದನ್ನ ಮುಟ್ಟಲೇಬೇಡಿ ಅಂತ ಹೇಳಿರ್ಲಿಲ್ವಾ?

ಶೌಕಿ: ಮುಟ್ಟಿಲ್ಲ ಕಣೇ. ಓದಿದೆ ಅಷ್ಟೆ.

ಇನ್‌ಶಿರಾಹ್: ಓದಿ?

ಶೌಕಿ: ಬಂದರಿಗೆ ಫೋನ್ ಮಾಡ್ದೆ.

ರಿಪೇರಿ ಅಂಗಡಿಯ ವಗ್ದೀ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಮುಂದಿದ್ದದ್ದು ಇನ್‌ಶಿರಾಹ್ ಟೀಚರ ಲ್ಯಾಪ್‌ಟಾಪ್. ಅದರೊಳಗೆ ಆರನೇ ತರಗತಿಯ ಪ್ರಶ್ನೆಪತ್ರಿಕೆ. ಮಧ್ಯಾಹ್ನ ಒಂದು ಹೊಡೆಯುವುದರೊಳಗೆ ಶಾಲೆಗೆ ಕಳಿಸಬೇಕು. ಆಗಲೇ ಹನ್ನೆರಡೂವರೆ. ಬರೆಯಲು ಕೂತರೆ ಸಾಕು, ಯಾರೋ ಅರೆಬರೆ ಅರಬ್ಬಿಗೆ ಇಳಿಸಿದ ಎಚ್ಚರಿಕೆಯೊಂದು ಪರದೆಯನ್ನೆಲ್ಲ ಮುಚ್ಚುತ್ತಿತ್ತು: 'ಬಂದರಿನಲ್ಲಿ ವಿದ್ಯುತ್ ಮಿತಿ ಮೀರಿದೆ. ಗುರುತಿಲ್ಲದ ಸಾಧನವನ್ನು ತೆಗೆಯಿರಿ.'

ಟೀಚರ ಗಂಡ ಶೌಕಿ ಮೂವತ್ತೊಂದು ವರ್ಷ ಊರಿನ ಬಂದರಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ನಿವೃತ್ತರಾಗಿ ಎರಡು ವರ್ಷವಾದರೂ ಬಂದರು ಅವರ ತಲೆಯಿಂದ ಇಳಿದಿರಲಿಲ್ಲ.

ವಗ್ದೀ: ಹಾಜಿ ಸಾಹೇಬ್ರೇ, ಇಲ್ಲಿ ಬಂದರು ಅಂದ್ರೆ ಯುಎಸ್‌ಬಿ ಪೋರ್ಟ್, ಈ ತೂತು. ಪೆನ್‌ಡ್ರೈವ್ ಹಾಕ್ತೀವಲ್ಲ, ಇದು.

ಶೌಕಿ: ಇದಕ್ಕೆ ಬಂದರು ಅಂತ ಹೆಸರಿಟ್ಟೋನು ಯಾವನು? ಹಡಗು ಬರುತ್ತಾ ಇದರೊಳಗೆ?

ವಗ್ದೀ: ಬರಲ್ಲ.

ಶೌಕಿ: ಕ್ರೇನ್ ಇದೆಯಾ?

ವಗ್ದೀ: ಇಲ್ಲ ಸಾಹೇಬ್ರೇ.

ಶೌಕಿ: ಹೋಗ್ಲಿ, ಕಸ್ಟಮ್ಸ್‌ನೋರು?

ಇನ್‌ಶಿರಾಹ್: ರೀ! ಫೋನಲ್ಲಿ ಯಾರಿಗೆ ಏನಂದ್ರಿ?

ಶೌಕಿ: ಅಬ್ದುಲ್ ಬದೀಗೆ. ನನ್ನ ಕೈಕೆಳಗೆ ಇದ್ದೋನು. ಈಗಿಂದೀಗ್ಲೇ ಕ್ರೇನ್ ಎಲ್ಲಾ ನಿಲ್ಸು ಅಂದೆ.

ಇನ್‌ಶಿರಾಹ್: ನಿಲ್ಸಿದ್ನಾ?

ಶೌಕಿ: ನನ್ನ ಮಾತಿಗೆ ಮನೇಲಿ ಇಲ್ದಿದ್ರೂ ಅಲ್ಲಿ ಬೆಲೆ ಇದೆ.

ಇನ್‌ಶಿರಾಹ್: ಅಯ್ಯೋ ದೇವರೇ! ಮತ್ತೆ ಫೋನ್ ಮಾಡಿ, ತಪ್ಪಾಯ್ತು ಅನ್ನಿ.

ಶೌಕಿ: ಏನಂತ ಹೇಳ್ಲಿ? ತೊಂದ್ರೆ ಹೆಂಡ್ತಿ ತೂತಿಂದು ಅಂತಲಾ?

ವಗ್ದೀ ಕೆಮ್ಮಿದ. ಇನ್‌ಶಿರಾಹ್ ಗಂಡನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಶೌಕಿ ಮೂರು ಸಲ ಫೋನ್ ಮಾಡಿದರು. ಆ ಕಡೆ ಯಾರೂ ಎತ್ತಲಿಲ್ಲ.

ವಗ್ದೀ ತೂತಿನೊಳಗೆ ಟಾರ್ಚ್ ಬಿಟ್ಟು, ಚಿಮಟದಿಂದ ಬೆಳ್ಳಿ ಬಣ್ಣದ ಚೂರೊಂದನ್ನು ಎಳೆದ.

ವಗ್ದೀ: ಚೀಸ್ ಸುತ್ತಿ ಬರೋ ಅಲ್ಯೂಮಿನಿಯಂ ಹಾಳೆ. ಇದೇ ಕರೆಂಟ್ ಎಳೀತಿತ್ತು.

ಶೌಕಿ: ನೋಡ್ದೆಯಾ? ಅದರ ಮುಂದೆ ಕೂತು ತಿನ್ಬೇಡ ಅಂದ್ರೆ ಕೇಳಲ್ಲ!

ಇನ್‌ಶಿರಾಹ್: ನಾನು ಚೀಸ್ ತಿನ್ನಲ್ಲ. ಡಾಕ್ಟ್ರು ನಿಮಗೂ ತಿನ್ಬೇಡಿ ಅಂದಿದಾರೆ.

ಶೌಕಿ ಗೋಡೆಯ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ನೋಡತೊಡಗಿದರು.

ಎಚ್ಚರಿಕೆ ಮತ್ತೆ ಬರಲಿಲ್ಲ. ಒಂದಕ್ಕೆ ನಾಲ್ಕು ನಿಮಿಷವಿರುವಾಗ ಪ್ರಶ್ನೆಪತ್ರಿಕೆ ಶಾಲೆ ಸೇರಿತು. ಅಷ್ಟರಲ್ಲಿ ಶೌಕಿಯವರ ಫೋನ್ ಹೊಡೆದುಕೊಂಡಿತು.

ಶೌಕಿ: ಅಬ್ದುಲ್ ಬದೀ, ಬೇಜಾರು ಮಾಡ್ಕೋಬೇಡಪ್ಪಾ, ನಾನು...

ಫೋನಿನ ದನಿ ಅಂಗಡಿಗೆಲ್ಲ ಕೇಳಿಸುವಂತಿತ್ತು.

ಅಬ್ದುಲ್ ಬದೀ: ಉಸ್ತಾದರೇ, ನಿಲ್ಸಿ ನೋಡಿದ್ರೆ ಮೂರನೇ ಕ್ರೇನಿನ ಕೇಬಲ್ ಕಾದು ಕರಗ್ತಿತ್ತು! ಇನ್ನು ಹತ್ತು ನಿಮಿಷ ಬಿಟ್ಟಿದ್ರೆ ಕೆಳಗಿದ್ದ ಏಳು ಜನರ ಕಥೆ ಮುಗೀತಿತ್ತು. ಅಷ್ಟು ದೂರ ಕೂತು ನಿಮಗೆ ಹೇಗೆ ಗೊತ್ತಾಯ್ತು?

ಶೌಕಿ ಹೆಂಡತಿಯನ್ನು ನೋಡಿದರು. ಹೆಂಡತಿ ಲ್ಯಾಪ್‌ಟಾಪ್ ನೋಡಿದರು.

ಶೌಕಿ: ಅನುಭವ ಕಣಪ್ಪಾ.

ಅಬ್ದುಲ್ ಬದೀ: ನಾಳೆ ಬಂದು ಉಳಿದ ಕ್ರೇನೂ ನೋಡ್ತೀರಾ ಅಂತ ದೊಡ್ಡ ಸಾಹೇಬ್ರು ಕೇಳ್ತಿದಾರೆ.

ಎರಡು ವರ್ಷದಲ್ಲಿ ಶೌಕಿಯವರನ್ನು ಯಾರೂ ಹೀಗೆ ಕೆಲಸಕ್ಕೆ ಕರೆದಿರಲಿಲ್ಲ. 'ಬರ್ತೀನಿ' ಎಂದು ಎರಡು ಸಲ ಹೇಳಿದರು. ಫೋನ್ ಇಟ್ಟು, ಮೆಲ್ಲಗೆ ಹೆಂಡತಿಯ ಹತ್ತಿರ ಸರಿದರು.

ಶೌಕಿ: ನಾಳೆ ಒಂದಿನ ಲ್ಯಾಪ್‌ಟಾಪ್ ಕೊಡ್ತೀಯಾ?

ಇನ್‌ಶಿರಾಹ್: ಕೊಡ್ತೀನಿ. ಚೀಸ್ ಮಾತ್ರ ಕೊಡಲ್ಲ.