ಸಿನಿಮಾ ನಡೆಯುವಾಗ ಬಾಯಿ ತೆರೆಯಲು ಅನುಮತಿ ಕೋರಿ

ಇಂದ,
ಅರ್ಜಿದಾರ,
ಗುಮಾಸ್ತ, ಟಪಾಲು ವಿಭಾಗ, ನೀರು ಸರಬರಾಜು ಕಚೇರಿ.
(ಸದ್ಯದ ವಿಳಾಸ: ಅಡುಗೆಮನೆ ಮೇಜು. ಬಾಗಿಲು ಹಾಕಿದೆ.)

ಗೆ,
ಮನೆಯೊಡತಿಯವರು,
ಟಿವಿ, ರಿಮೋಟು ಹಾಗೂ ಮನಶ್ಶಾಂತಿ ಇಲಾಖೆಗಳ ಏಕೈಕ ಅಧಿಕಾರಿಗಳು,
ನಡುಮನೆ.

ವಿಷಯ: ಸಿನಿಮಾ ನಡೆಯುತ್ತಿರುವಾಗ ಅಭಿಪ್ರಾಯ ಹೇಳಕೂಡದೆಂಬ ಆದೇಶವನ್ನು ಮರುಪರಿಶೀಲಿಸುವ ಬಗ್ಗೆ.

ಉಲ್ಲೇಖ: 1. ತಮ್ಮ ಮೌಖಿಕ ಆದೇಶ: "ಇನ್ನೊಂದ್ ಮಾತಾಡಿದ್ರೆ ನೋಡಿ!"
2. ಸದರಿ ಆದೇಶದ ಮುಂದುವರಿದ ಭಾಗ: ತಾವು ಕಣ್ಣು ಬಿಟ್ಟು ನೋಡಿದ್ದು.
3. ತಮ್ಮ ತಾಯಿಯವರ ಇಂದಿನ ಹೇಳಿಕೆ (ಕೆಳಗೆ ವಿವರಿಸಿದೆ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರನು ತಮ್ಮ ಗಂಡನೇ ಆಗಿದ್ದು, ಎದುರಿಗೆ ನಿಂತು ಹೇಳಬಹುದಾದದ್ದನ್ನು ಕಾಗದದಲ್ಲಿ ಬರೆಯುತ್ತಿರುವುದಕ್ಕೆ ಮೊದಲಿಗೆ ಕ್ಷಮೆ ಕೋರುತ್ತಾನೆ. ಅವನಿಗೆ ಬೇರೆ ರೀತಿ ಬರೆಯಲು ಬರುವುದಿಲ್ಲ. ಮದುವೆಗೆ ಮುಂಚೆ ತಮಗೆ ಬರೆದ ಮೊದಲ ಪತ್ರದಲ್ಲೂ "ವಿಷಯ: ಮದುವೆಯಾಗುವ ಬಗ್ಗೆ. ಉಲ್ಲೇಖ: ತಾವು ಬಸ್ಸಿನ ಕಿಟಕಿಯಿಂದ ನಕ್ಕದ್ದು" ಎಂದೇ ಇತ್ತು. ಅದನ್ನು ಓದಿಯೂ ತಾವು ಒಪ್ಪಿದಿರಿ. ಆದ್ದರಿಂದ ತಪ್ಪಿನಲ್ಲಿ ಇಬ್ಬರಿಗೂ ಪಾಲಿದೆ.

1. ಅರ್ಜಿದಾರನ ಕೆಲಸವೆಂದರೆ ಬಂದ ಕಾಗದಕ್ಕೆ ಮುದ್ರೆ ಒತ್ತಿ ಮೇಲಕ್ಕೆ ಕಳಿಸುವುದು, ಮೇಲಿನಿಂದ ಬಂದದ್ದಕ್ಕೆ ಮುದ್ರೆ ಒತ್ತಿ ಕೆಳಕ್ಕೆ ಕಳಿಸುವುದು. ಪ್ರತಿ ಕಡತದಲ್ಲೂ 'ಅಭಿಪ್ರಾಯ' ಎಂಬ ಅಗಲವಾದ ಕಲಂ ಒಂದಿರುತ್ತದೆ. ಅದು ಅಧಿಕಾರಿಗಳ ಜಾಗ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಲ್ಲಿಯಲ್ಲಿ ಕೆಸರು ಬರುತ್ತಿದೆ ಎಂಬ ದೂರೊಂದರ ಪಕ್ಕ ಅವನು "ಹೌದು, ನನಗೂ ಹಾಗೇ ಅನ್ನಿಸುತ್ತದೆ" ಎಂದು ಬರೆದುಬಿಟ್ಟಿದ್ದ. ಸಾಹೇಬರು ಕರೆಸಿ, "ನಿಮಗೆ ಅನ್ನಿಸ್ಲಿ ಅಂತ ಇಲ್ಲಿ ಕೂರಿಸಿಲ್ಲ ಕಣ್ರೀ" ಎಂದರು. ಅಂದಿನಿಂದ ಅವನಿಗೆ ಕಚೇರಿಯಲ್ಲಿ ಏನೂ ಅನ್ನಿಸಿಲ್ಲ. ಆದಕಾರಣ, ವಾರವಿಡೀ ಅನ್ನಿಸದೆ ಉಳಿದದ್ದೆಲ್ಲ ತೂಬು ಮುಚ್ಚಿದ ಕೆರೆಯಂತೆ ತುಂಬಿಕೊಂಡು, ಶನಿವಾರ ಸಂಜೆ ಮನೆಮಂದಿಯೆಲ್ಲ ಸಿನಿಮಾ ನೋಡಲು ಕುಳಿತಾಗ ಒಮ್ಮೆಲೇ ಕೋಡಿ ಬೀಳುತ್ತದೆ. ಇದು ಸಮರ್ಥನೆಯಲ್ಲ, ಮಾಹಿತಿ.

2. ಇತ್ತೀಚೆಗೆ ನೋಡಿದ ಚಿತ್ರಗಳ ಬಗ್ಗೆ ಅರ್ಜಿದಾರನ ಅಭಿಪ್ರಾಯಗಳು, ಹಾಗೂ ಅವುಗಳಿಂದಾದ ನಷ್ಟ, ಹೀಗಿವೆ.

(ಅ) ಕೊಲೆಯ ಚಿತ್ರ. ದೊಡ್ಡ ಬಂಗಲೆ, ಸತ್ತ ಯಜಮಾನ, ಮುಖ ಸಿಂಡರಿಸಿಕೊಂಡ ನೆಂಟರು. ಶುರುವಾಗುತ್ತಲೇ ಅರ್ಜಿದಾರ, "ತೋಟದವನೇ. ನಡಿಗೆ ನೋಡಿ, ನಡಿಗೆ!" ಎಂದು ಘೋಷಿಸಿದ. ಮುಂದಿನ ದೃಶ್ಯದಲ್ಲೇ ತೋಟದವನ ಹೆಣ ಬಾವಿಯಲ್ಲಿ ತೇಲಿತು. ಹಾಗಾದರೆ ಡಾಕ್ಟರೇ ಎಂದ. ಡಾಕ್ಟರು ಮೆಟ್ಟಿಲಿನಿಂದ ಉರುಳಿದರು. ಆಗ ಮಗಳು ಕೈ ಮುಗಿದು, "ಅಪ್ಪಾ, ನೀನು ಯಾರ ಕಡೆ ಬೆರಳು ತೋರಿಸ್ತೀಯೋ ಅವರು ಹೋಗ್ತಿದಾರೆ. ದಯವಿಟ್ಟು ಸುಮ್ನಿರು, ಉಳಿದೋರಾದ್ರೂ ಬದುಕ್ಲಿ" ಎಂದಳು. ಕೊನೆಗೆ ಕೊಲೆಗಾರ ತನಿಖೆ ಮಾಡುತ್ತಿದ್ದ ಪೊಲೀಸಿನವನೇ ಎಂದು ಗೊತ್ತಾದಾಗ ಅರ್ಜಿದಾರ "ನಂಗೆ ಮೊದಲೇ ಗೊತ್ತಿತ್ತು" ಎಂದ. ಇದು ಶುದ್ಧ ಸುಳ್ಳೆಂದು ಈ ಮೂಲಕ ದೃಢೀಕರಿಸಲಾಗಿದೆ.

(ಆ) ಆಕಾಶನೌಕೆಯ ಚಿತ್ರ. ಒಬ್ಬನೇ ಒಬ್ಬ ಮನುಷ್ಯ ವರ್ಷಗಟ್ಟಲೆ ನಕ್ಷತ್ರಗಳ ನಡುವೆ ತೇಲುತ್ತಾನೆ. ಎಲ್ಲರೂ ಬೆರಗಾಗಿ ಬಾಯಿ ಬಿಟ್ಟುಕೊಂಡಿದ್ದರು. ಅರ್ಜಿದಾರನೂ ಬಾಯಿ ಬಿಟ್ಟ, ಆದರೆ ಮಾತಾಡಲು. "ಅಲ್ರೀ, ಇವನಿಗೆ ನೀರು ಎಲ್ಲಿಂದ?" ಅದೇ ಪ್ರಶ್ನೆಯನ್ನು ಚಿತ್ರ ಮುಗಿಯುವವರೆಗೂ ಬೇರೆ ಬೇರೆ ಧಾಟಿಯಲ್ಲಿ ಕೇಳಿದ. ಅಭಿಪ್ರಾಯ: ಚಿತ್ರ ಚೆನ್ನಾಗಿದೆ, ಸರಬರಾಜು ಸರಿಯಿಲ್ಲ.

(ಇ) ಪ್ರೇಮದ ಚಿತ್ರ. ಇದು ಮಾನ್ಯರಿಗೆ ನೆನಪಿರುವಂಥದ್ದೇ. ಹುಡುಗಿ ಎಲ್ಲವನ್ನೂ ಬಿಟ್ಟು ಸೂಟ್‌ಕೇಸು ಹಿಡಿದು ರೈಲಿನ ಪಕ್ಕ ಓಡುತ್ತಿದ್ದಳು. ಹುಡುಗ ಬಾಗಿಲಲ್ಲಿ ನಿಂತು ಕೈ ಚಾಚಿದ್ದ. ತಾವು, ತಮ್ಮ ತಾಯಿಯವರು, ಮಗಳು ಮೂವರೂ ಒಂದೇ ಸೆರಗಿಗೆ ಕಣ್ಣೊರೆಸಿಕೊಳ್ಳುತ್ತಿದ್ದಿರಿ. ಅರ್ಜಿದಾರ ಹೇಳಿದ್ದು ಇಷ್ಟೇ: "ಆ ಸೂಟ್‌ಕೇಸು ಖಾಲಿ. ನೋಡಿ, ಒಂದೇ ಬೆರಳಲ್ಲಿ ಎತ್ತಿದಾಳೆ." ಮೂವರೂ ಸೂಟ್‌ಕೇಸನ್ನು ನೋಡಿದಿರಿ. ಅತ್ತೆ ಫಕ್ಕನೆ ನಕ್ಕರು. ತಾವು ಟಿವಿ ಆರಿಸಿದಿರಿ. ಆ ಹುಡುಗಿ ರೈಲು ಹತ್ತಿದಳೋ ಇಲ್ಲವೋ ನಮ್ಮ ಮನೆಯಲ್ಲಿ ಇಂದಿಗೂ ಯಾರಿಗೂ ಗೊತ್ತಿಲ್ಲ. ಉಲ್ಲೇಖ 1 ಮತ್ತು 2 ಹೊರಬಿದ್ದದ್ದು ಆಗಲೇ.

3. ಆದೇಶದ ನಂತರ ಅರ್ಜಿದಾರ ದಿಂಬೊಂದನ್ನು ಬಾಯಿಗೆ ಒತ್ತಿಕೊಂಡು ಕುಳಿತು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಆದರೆ ಮಗಳು, "ಅಪ್ಪಾ, ನಿನ್ನ ಉಸಿರಲ್ಲೂ ಅಭಿಪ್ರಾಯ ಇರತ್ತೆ" ಎಂದು ಆಕ್ಷೇಪಿಸಿದ್ದರಿಂದ ಶನಿವಾರಗಳಂದು ಅಡುಗೆಮನೆಗೆ ವರ್ಗವಾದ. ಗೋಡೆಯಾಚೆ ನಗುವೋ ಗುಂಡಿನ ಸದ್ದೋ ಕೇಳಿದಾಗ ತೊಳೆದ ಲೋಟಗಳನ್ನೇ ಮತ್ತೆ ತೊಳೆದ.

4. ಹೀಗಿರಲಾಗಿ ಅತ್ತೆಯವರ ಎಡಗಣ್ಣಿನ ಒಳಪದರ ಕಳಚಿ, ಆಪರೇಷನ್ ಆಯಿತು. ಕಣ್ಣೊಳಗೆ ಗಾಳಿಗುಳ್ಳೆಯೊಂದನ್ನು ತುಂಬಿದ್ದು, ಅದು ಪದರವನ್ನು ಒತ್ತಿ ಹಿಡಿಯಬೇಕಾದ್ದರಿಂದ ಮುಖ ಕೆಳಗೆ ಮಾಡಿಕೊಂಡೇ ಇರಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ನೆಲ ನೋಡಿಕೊಂಡೇ ಊಟ, ನೆಲ ನೋಡಿಕೊಂಡೇ ಮಾತು. ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಊರಿಗೆಲ್ಲ ಲೈನು ಜೋಡಿಸಿದ ಅವರು, ನಿವೃತ್ತರಾದ ಮೇಲೆ ದಿನಕ್ಕೊಂದು ಸಿನಿಮಾ ನೋಡಿ ಬದುಕುತ್ತಿದ್ದವರು. ಈಗ ನೆಲದ ಟೈಲ್ಸು ಬಿಟ್ಟರೆ ನೋಡಲು ಏನೂ ಇರಲಿಲ್ಲ. ತಮಗೆ ಔಷಧಿ ಅಂಗಡಿಯಲ್ಲಿ ಸಂಜೆ ಪಾಳಿ, ಮಗಳಿಗೆ ಪರೀಕ್ಷೆ. ಆದ್ದರಿಂದ ಅರ್ಜಿದಾರ ರಜೆ ಹಾಕಿದ. ತಾವು ಚಪ್ಪಲಿ ಮೆಟ್ಟುತ್ತಾ ಕೊಟ್ಟ ಸೂಚನೆ: "ಅಮ್ಮಂಗೆ ಒಂದು ಸಿನಿಮಾ ಹಾಕಿ. ಏನು ನಡೀತಿದೆ ಅಂತ ಹೇಳಿ. ನಡೆದದ್ದು ಮಾತ್ರ. ಅಭಿಪ್ರಾಯ ಬೇಡ."

ಅರ್ಜಿದಾರ ಸೂಚನೆಯನ್ನು ಅಕ್ಷರಶಃ ಪಾಲಿಸಿದ. ಹೊಡೆದಾಟದ ಚಿತ್ರ ಹಾಕಿ ಹೇಳುತ್ತಾ ಹೋದ: "ಒಬ್ಬ ಬಂದ. ಕೂತ. ಇನ್ನೊಬ್ಬ ಬಂದ. ಮೊದಲನೆಯವನು ಎದ್ದ."

"ಇದೇನು ಹಾಜರಿ ಪುಸ್ತಕಾನಾ?" ಎಂದರು ಅತ್ತೆ, ನೆಲಕ್ಕೆ. "ಬಂದವನು ಎಂಥವನು ಹೇಳಿ. ಮುಖ ನೋಡಿದ್ರೆ ಏನನ್ಸತ್ತೆ ನಿಮಗೆ?"

ಅರ್ಜಿದಾರನಿಗೆ ಏನನ್ನಿಸುತ್ತದೆ ಎಂದು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. "ಅತ್ತೆ, ನಿಮ್ಮ ಮಗಳು ಅಭಿಪ್ರಾಯ ಬೇಡ ಅಂದಿದಾಳೆ."

"ಅವಳಿಗೆ ಬೇಡ. ನಂಗೆ ಬೇಕು. ಹೇಳಿ."

ಕೋಡಿ ಬಿದ್ದಿತು. ಬಂದವನು ಸಾಲಕ್ಕೆ ನಮ್ಮಿಂದ ಜಾಮೀನು ಹಾಕಿಸಿಕೊಂಡು ಕೈಕೊಡುವವನ ಹಾಗಿದ್ದಾನೆ. ಹೀರೋ ಇಪ್ಪತ್ತು ಜನರನ್ನು ಹೊಡೆದರೂ ತಲೆ ಬಾಚಿದ ಹಾಗೇ ಇದೆ. ಇಪ್ಪತ್ತು ಜನರೂ ಸಭ್ಯರು, ಸರದಿ ತಪ್ಪದೆ ಒಬ್ಬೊಬ್ಬರಾಗಿ ಬಂದು ಹೊಡೆಸಿಕೊಳ್ಳುತ್ತಿದ್ದಾರೆ, ನಮ್ಮ ಕಚೇರಿಯ ಕೌಂಟರಿನಲ್ಲೂ ಇಷ್ಟು ಶಿಸ್ತಿಲ್ಲ. ಅತ್ತೆಯವರ ಬೆನ್ನು ನಗುವಿನಿಂದ ಕುಲುಕಿತು. ತಲೆ ಎತ್ತಿಬಿಟ್ಟಾರೆಂದು ಅರ್ಜಿದಾರ ಹೆದರಿ, ನಗಿಸುವುದನ್ನು ಸ್ವಲ್ಪ ಕಡಿಮೆ ಮಾಡಿದ.

ಮರುದಿನ ದೆವ್ವದ ಚಿತ್ರ. ಹತ್ತಾರು ವರ್ಷ ಬೀಗ ಹಾಕಿದ್ದ ಮನೆಯಲ್ಲಿ ನಲ್ಲಿ ತಾನಾಗಿ ತಿರುಗಿ ರಕ್ತ ಸುರಿಯಿತು. "ಸಾಧ್ಯವೇ ಇಲ್ಲ ಅತ್ತೆ. ಯಾರೂ ವಾಸ ಇಲ್ಲ ಅಂದ್ರೆ ನಾವು ಕನೆಕ್ಷನ್ ಕತ್ತರಿಸಿರ್ತೀವಿ. ರಕ್ತ ಇರಲಿ, ಗಾಳಿನೂ ಬರಲ್ಲ" ಎಂದು ಅರ್ಜಿದಾರ ಧೈರ್ಯವಾಗಿಯೇ ಹೇಳಿದ. ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ.

"ಏನಾಯ್ತು ಅಳಿಯಂದ್ರೇ?"

"ಎಲ್ಲ ಕತ್ತಲೆ ಅತ್ತೆ."

"ಟಿವೀಲಿ ಕತ್ತಲೋ, ನೀವು ಕಣ್ಣು ಮುಚ್ಕೊಂಡಿದೀರೋ?"

ಹೀಗೆ ತಲೆ ಎತ್ತಬಾರದ ಒಬ್ಬರು, ಕಣ್ಣು ತೆರೆಯಲಾರದ ಇನ್ನೊಬ್ಬರು ಸೇರಿ ಆ ಚಿತ್ರವನ್ನು ಕೊನೆಯವರೆಗೂ ಕೇಳಿಸಿಕೊಂಡರು. ಆದ್ದರಿಂದ ಅದರ ಬಗ್ಗೆ ಅರ್ಜಿದಾರನ ಅಭಿಪ್ರಾಯ ಶೂನ್ಯವಾಗಿರುತ್ತದೆ.

5. ಇನ್ನು ಮುಖ್ಯ ವಿಚಾರ. ಅದರ ಮರುದಿನ ಸಂಜೆ ಅರ್ಜಿದಾರ ಆರಿಸಿದ್ದು ಮುದುಕ ಮುದುಕಿಯರ ಚಿತ್ರ. ದೆವ್ವವಿಲ್ಲ, ಕೊಲೆಯಿಲ್ಲ ಎಂಬುದೊಂದೇ ಕಾರಣ. ಮುದುಕ ಬೆಳಗ್ಗೆ ಎದ್ದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ. ಮುದುಕಿ ಅವನ ಕನ್ನಡಕ ಒರೆಸಿ ಮೂಗಿನ ಮೇಲೆ ಇಡುತ್ತಾಳೆ. ಇಷ್ಟೇ. "ಕಥೆ ಅನ್ನೋದೇ ಇಲ್ಲ ಅತ್ತೆ, ಇದನ್ನ ತೆಗೆಯೋಕೆ ಕ್ಯಾಮರಾ ಬೇರೆ ಬೇಕಿತ್ತಾ" ಎಂದು ಗೊಣಗುತ್ತಲೇ ಅವನು ವರದಿ ಒಪ್ಪಿಸುತ್ತಿದ್ದ. ಅರ್ಧ ಚಿತ್ರ ಕಳೆದಿರಬೇಕು. ಮುದುಕಿ ಎಂದಿನಂತೆ ಕನ್ನಡಕ ಒರೆಸಿ ಇಟ್ಟಳು. ಅದು ಜಾರಿ ಬಿತ್ತು. ಮತ್ತೆ ಇಟ್ಟಳು. ಮತ್ತೆ ಜಾರಿತು. ಮೂರನೆಯ ಸಲ ಎತ್ತಿಕೊಂಡು ಕೈಯಲ್ಲೇ ಹಿಡಿದು ನಿಂತಳು.

"ಏನಾಯ್ತು? ಸದ್ದೇ ಇಲ್ಲ?" ಎಂದರು ಅತ್ತೆ.

ಮಾನ್ಯರಿಗೆ ತಿಳಿದಿರುವಂತೆ ಮಾವನವರು ಹೋದದ್ದೂ ಕುರ್ಚಿಯಲ್ಲೇ, ಪೇಪರ್ ಓದುತ್ತಾ. ಅರ್ಜಿದಾರ ವರದಿಯನ್ನು ತಿದ್ದಿದ. "ಏನಿಲ್ಲ ಅತ್ತೆ. ಅವನಿಗೆ ಒಂದು ಜೊಂಪು ಹತ್ತಿದೆ."

"ಆಮೇಲೆ?"

"ಈಗ ಎದ್ದ. ಬ್ರೆಡ್ ತರ್ತೀನಿ ಅಂತ ಹೊರಟ."

ಪರದೆಯ ಮೇಲೆ ನೆಂಟರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಬರುತ್ತಿದ್ದರು.

"ತುಂಬ ಜನ ಪಿಸಪಿಸ ಅಂತಿದಾರಲ್ಲ?"

"ಅವನ ಹುಟ್ಟುಹಬ್ಬ ಅತ್ತೆ. ಅವನಿಗೆ ಗೊತ್ತಾಗದ ಹಾಗೆ ಎಲ್ಲ ಸೇರಿದಾರೆ."

"ಯಾರೋ ಅಳ್ತಿದಾರೆ."

"ಈರುಳ್ಳಿ ಹೆಚ್ತಿದಾರೆ."

ಅತ್ತೆ ಮೆಲ್ಲಗೆ, "ಎಕ್ಸ್‌ಚೇಂಜಲ್ಲಿ ಕೂತವಳು ನಾನು. ಸಾವಿನ ಸುದ್ದಿ ಹೇಳಿದ ಮೇಲೆ ಲೈನು ಹೇಗೆ ಸುಮ್ಮನಾಗತ್ತೆ ಅಂತ ಗೊತ್ತಿದೆ. ಆಪರೇಷನ್ ಆಗಿರೋದು ಕಣ್ಣಿಗೆ, ಅಳಿಯಂದ್ರೇ" ಎಂದರು.

ಸಿಕ್ಕಿಬಿದ್ದ ಕಳ್ಳನಂತೆ ಅರ್ಜಿದಾರ ರಿಮೋಟಿಗೆ ಕೈ ಹಾಕಿದ.

"ಆರಿಸ್ಬೇಡಿ. ನೀವು ಹೇಳಿ. ಬ್ರೆಡ್ ತಂದ್ನಾ?"

ಅರ್ಜಿದಾರನಿಂದ ಆಗಲಿಲ್ಲ. ಮನೆಮಂದಿ ಎಷ್ಟು ಪ್ರಯತ್ನಿಸಿದರೂ ಮುಚ್ಚದ ಅವನ ಬಾಯಿ, ಮಾತು ಬೇಕೇ ಬೇಕಾದ ಆ ಒಂದು ಗಳಿಗೆಯಲ್ಲಿ ತಾನಾಗಿ ಮುಚ್ಚಿಕೊಂಡಿತು. ಹಿಂದಿನಿಂದ ಬೀಗದ ಕೈ ಸದ್ದಾಯಿತು. ತಾವು ಪಾಳಿ ಮುಗಿಸಿ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದಿರಿ. ಟಿವಿ ನೋಡಿದಿರಿ, ತಾಯಿಯ ಬೆನ್ನು ನೋಡಿದಿರಿ, ಕೊನೆಗೆ ಅರ್ಜಿದಾರನನ್ನು. ಚೀಲ ಕೆಳಗಿಟ್ಟು ಅತ್ತೆಯವರ ತಲೆಯ ಬಳಿ ನೆಲದ ಮೇಲೆ ಕುಳಿತು, "ತಂದ ಅಮ್ಮಾ. ಇನ್ನೂ ಬಿಸಿ ಇದೆ" ಎಂದಿರಿ.

ಸದರಿ ಹೇಳಿಕೆಯು ಮಾನ್ಯರದೇ ಆಗಿದ್ದು, ಸಿನಿಮಾ ನಡೆಯುವಾಗ ಮಾತಾಡಿದ್ದಲ್ಲದೆ ಇಲ್ಲದ್ದನ್ನು ಹೇಳಿದ ಅಪರಾಧವೂ ಅಲ್ಲಿಗೆ ಇಬ್ಬರಿಗೂ ಸಮನಾಗಿ ಅನ್ವಯಿಸುತ್ತದೆ. ಆದರೂ ಅರ್ಜಿದಾರ ಅದನ್ನು ಇದುವರೆಗೆ ಎಲ್ಲಿಯೂ ಎತ್ತಿ ಆಡಿಲ್ಲ. ಆ ಚಿತ್ರದ ಬಗ್ಗೆ ಅವನ ಅಭಿಪ್ರಾಯ: ಕಥೆ ಇತ್ತು. ಅವನೇ ಗಮನಿಸಿರಲಿಲ್ಲ.

6. ಗುಳ್ಳೆ ಕರಗಿತು. ಅತ್ತೆ ತಲೆ ಎತ್ತಿದರು. ಡಾಕ್ಟರು ಬೆರಳು ತೋರಿಸಿ ಎಷ್ಟೆಂದು ಕೇಳಿದರೆ, ಅವರು ಬೆರಳ ಸಂಖ್ಯೆಯ ಜೊತೆಗೆ ಉಗುರು ಕತ್ತರಿಸಿಲ್ಲವೆಂಬುದನ್ನೂ ಹೇಳಿದರು. ಮನೆಯವರೆಲ್ಲ ಸಂತೋಷಪಟ್ಟರು. ಅರ್ಜಿದಾರನೂ ಪಟ್ಟ. ಆದರೆ ಒಂದು ಕ್ಷಣ, ಒಂದೇ ಕ್ಷಣ, ಆ ಗುಳ್ಳೆ ಇನ್ನೊಂದು ವಾರ ಇದ್ದಿದ್ದರೆ ಚೆನ್ನಾಗಿತ್ತೆಂದು ಅವನಿಗೆ ಅನ್ನಿಸಿಬಿಟ್ಟಿತು. ಈ ಅನ್ನಿಸಿಕೆಯನ್ನು ದಾಖಲೆಯಿಂದ ತೆಗೆದುಹಾಕಬೇಕಾಗಿ ಕೋರಿಕೆ.

7. ಇಂದು ಸಂಜೆ ಎಲ್ಲರೂ ಹಾಸ್ಯಚಿತ್ರ ನೋಡಲು ಕುಳಿತೆವಷ್ಟೇ. ಅರ್ಜಿದಾರನನ್ನು ಯಾರೂ ಅಡುಗೆಮನೆಗೆ ಅಟ್ಟಿರಲಿಲ್ಲ. ಅವನಾಗಿಯೇ, ಅಭ್ಯಾಸಬಲದಿಂದ, "ಈಗ ಒಬ್ಬ ದಪ್ಪನೆಯವನು ಬಂದ ಅತ್ತೆ, ಮುಖ ನೋಡಿದ್ರೆ..." ಎಂದು ಶುರುಮಾಡಿದ. ಅತ್ತೆ ಅವನ ಕೈ ಮೇಲೆ ಕೈಯಿಟ್ಟು, ಬಹಳ ಮೃದುವಾಗಿ, "ಅಳಿಯಂದ್ರೇ, ನಂಗೀಗ ಕಾಣತ್ತೆ" ಎಂದರು. ಇದೇ ಉಲ್ಲೇಖ 3. ಯಾರೂ ಗದರಲಿಲ್ಲ, ತಾವೂ ಕಣ್ಣು ಬಿಡಲಿಲ್ಲ. ಅದನ್ನೇ ತಡೆಯಲಾರದೆ ಅರ್ಜಿದಾರ ಲೋಟ ತೊಳೆಯುವ ನೆಪ ಹೇಳಿ ಎದ್ದು ಬಂದ. ಲೋಟಗಳು ಸ್ವಚ್ಛವಾಗಿಯೇ ಇದ್ದವು.

ಆದ್ದರಿಂದ, ಮೇಲಿನ ಕಾರಣಗಳನ್ನು ಸಹಾನುಭೂತಿಯಿಂದ ಪರಿಗಣಿಸಿ, ಅರ್ಜಿದಾರನಿಗೆ ಚಿತ್ರವೊಂದಕ್ಕೆ ಒಂದೇ ಒಂದು ಅಭಿಪ್ರಾಯವನ್ನು, ಅದೂ ಯಾರೂ ಅಳುತ್ತಿಲ್ಲದ ವೇಳೆಯಲ್ಲಿ, ಮಂಜೂರು ಮಾಡಬೇಕಾಗಿಯೂ, ಅಷ್ಟಾಗದಿದ್ದಲ್ಲಿ ಬಾಯಿ ಮುಚ್ಚಿಕೊಂಡು ತಮ್ಮ ಪಕ್ಕದಲ್ಲೇ ಕೂರಲು ಜಾಗ ಕೊಡಬೇಕಾಗಿಯೂ, ಅವನು ಅತ್ತರೆ ಅದನ್ನು ಅಭಿಪ್ರಾಯವೆಂದು ಎಣಿಸಬಾರದಾಗಿಯೂ ವಿನಂತಿ.

ತಮ್ಮ ವಿಶ್ವಾಸಿ
(ಬಾಯಿಯ ವಿಷಯ ಹೊರತುಪಡಿಸಿ),
ಅರ್ಜಿದಾರ

ಅಡಕಗಳು:
1. ಅತ್ತೆಯವರ ಕಣ್ಣು ಸರಿಯಾಗಿದೆ ಎಂಬ ಡಾಕ್ಟರ ಚೀಟಿಯ ನಕಲು.
2. ದಿಂಬು, ಒಂದು (ಹಲ್ಲಿನ ಗುರುತು ಸಹಿತ).
3. ಇಂದಿನ ಚಿತ್ರದ ದಪ್ಪನೆಯವನ ಬಗ್ಗೆ ಹೇಳಲಾಗದೆ ಉಳಿದ ಅಭಿಪ್ರಾಯ, ಅಂಟಿಸಿದ ಲಕೋಟೆಯಲ್ಲಿ. ಚಿತ್ರ ಮುಗಿದ ಮೇಲೆ, ಇಷ್ಟವಿದ್ದಲ್ಲಿ ಮಾತ್ರ, ತೆರೆಯುವುದು.

ವಿಶೇಷ ಸೂಚನೆ: ಈ ಅರ್ಜಿಯನ್ನು ಅಡುಗೆಮನೆ ಬಾಗಿಲ ಸಂದಿಯಿಂದ ನಡುಮನೆಗೆ ತಳ್ಳಲಾಗಿದೆ. ಅಲ್ಲಿ ಈಗಷ್ಟೇ ಎಲ್ಲರೂ ಒಟ್ಟಿಗೆ ನಕ್ಕದ್ದು ಕೇಳಿಸಿತು. ಏನಾಯಿತೆಂದು ಯಾರಾದರೊಬ್ಬರು ದಯವಿಟ್ಟು ಅರ್ಜಿದಾರನಿಗೆ ತಿಳಿಸಬೇಕು.